ಮೊಳೆಯ ಕೆಳಗಿನ ನೆರಳು

ಪಕ್ಕದ ಮನೆಯ ಕೆಲಸದ ಅಂಜಿನಮ್ಮ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಾಗ ನಾನು ಇಡ್ಲಿಗೆ ಉದ್ದು ರುಬ್ಬುತ್ತಿದ್ದೆ. ಗ್ರೈಂಡರ್ ನಿಲ್ಲಿಸಿದ ಮೇಲೆಯೇ ಅವಳು ಅಳುತ್ತಿರುವುದು ಕೇಳಿಸಿದ್ದು.

“ಮೀನಕ್ಕ, ನಿಮ್ಮತ್ತೇನ ಕರೀರಿ. ಪಕ್ಕದ್ಮನೇಲಿ ನನ್ನ ಕಳ್ಳಿ ಅಂತಾವ್ರೆ. ದೀಪ ಹಚ್ಚೋದ್ರೊಳ್ಗೆ ತಂದ್ಕೊಡದಿದ್ರೆ ಪೊಲೀಸ್ರಿಗೆ ಕೊಡ್ತಾರಂತೆ.”

ನನ್ನ ಅತ್ತೆ ತುಳಸಮ್ಮ ಶಾಲೆಯಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದವರು. ನಿವೃತ್ತರಾದ ಮೇಲೂ ಅವರ ಕಣ್ಣಿಗೆ ನಿವೃತ್ತಿಯಿಲ್ಲ. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಏನು ಕಳೆದರೂ ಮೊದಲು ಅವರನ್ನು ಕೇಳುವುದು ರೂಢಿ. ಅವರು ಅಂಜಿನಮ್ಮನನ್ನು ಕೂರಿಸಿ, ಕೈಗೆ ಕಾಫಿ ಲೋಟ ಕೊಟ್ಟರು. “ಮೊದಲು ಕುಡಿ. ಅಳ್ತಾ ಹೇಳಿದ್ರೆ ಅರ್ಧ ಬಿಟ್ಟುಹೋಗುತ್ತೆ.”

ಕಳೆದದ್ದು ಪಕ್ಕದ ಮನೆಯ ಶಿವರುದ್ರಪ್ಪನವರ ಅಜ್ಜನ ಕಾಲದ ಬೆಳ್ಳಿ ಕರಡಿಗೆ. ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಧರಿಸುವ ಮೊಟ್ಟೆಯಾಕಾರದ ಭರಣಿ ಅದು. ಮರುದಿನ ಮೊಮ್ಮಗಳು ಶರಣ್ಯಳ ಲಿಂಗದೀಕ್ಷೆ. ಮಠದಿಂದ ತಂದ ಲಿಂಗವನ್ನು ಅದರಲ್ಲಿಟ್ಟು, ಶಿವರುದ್ರಪ್ಪನವರ ಹೆಂಡತಿ ಕಲ್ಯಾಣಮ್ಮ ತಾವೇ ಹೊಸೆದ ಕೆಂಪು ರೇಷ್ಮೆ ದಾರ ಕಟ್ಟಿ, ಪೂಜೆಕೋಣೆಯ ಮೊಳೆಗೆ ತೂಗುಹಾಕಿದ್ದರು. ನೆಲಕ್ಕೆ ತಾಗಿಸುವ ವಸ್ತುವಲ್ಲ ಅದು. ಮನೆತನದ ಕರಡಿಗೆ ಹೆಣ್ಣುಮಗುವಿಗೆ ಹೋಗುವುದು ಕಲ್ಯಾಣಮ್ಮನಿಗೂ ಅಷ್ಟಾಗಿ ಹಿಡಿಸಿರಲಿಲ್ಲ; ಶಿವರುದ್ರಪ್ಪನವರ ತಮ್ಮನ ಮಗ ಈಶ್ವರ್‌ಗಂತೂ ಸುತರಾಂ ಹಿಡಿಸಿರಲಿಲ್ಲ. ಶಿವರುದ್ರಪ್ಪನವರು ಯಾರ ಮಾತನ್ನೂ ಕೇಳಲಿಲ್ಲ.

“ಬೆಳಿಗ್ಗೆ ಪೂಜೆಕೋಣೆ ಗುಡಿಸ್ದೆ. ಆರಾಧನಾ ಪಾಪು ಬಾಗ್ಲಲ್ಲಿ ನಿಲ್ಸಿ ಒಂದು ಫೋಟೋ ಹಿಡಿದ್ಳು. ಸೀದಾ ಮನೆಗೋದೆ, ಅಷ್ಟೇ ಕಣಮ್ಮ. ಸಂಜೆ ಕರ್ಸಿ ಆ ಫೋಟೋ ತೋರಿಸ್ತಾರೆ. ನನ್ ತಲೆ ಹಿಂದೆ ಮೊಳೆ ಖಾಲಿ! ಆಗ್ಲೇ ಕದ್ದು ಸೊಂಟಕ್ಕೆ ಸಿಗಿಸ್ಕೊಂಡಿದ್ದೆ ಅಂತಾರೆ ಈಶ್ವರಪ್ಪೋರು. ಇನ್ನು ಈ ಬೀದೀಲಿ ಯಾರ್ ಕೆಲ್ಸ ಕೊಡ್ತಾರೆ ನಂಗೆ?”

ಕೋಣೆಯಿಂದ ನನ್ನ ಮಗಳು ಆರಾಧನಾ ಹೊರಗೆ ಬಂದಳು. ಮುಖ ಬಾಡಿಹೋಗಿತ್ತು. ಅವಳು ಪೋರ್ಟ್ರೇಟ್ ಫೋಟೋಗ್ರಫಿ ಕಲಿಯಲು ಶುರುಮಾಡಿ ಹೆಚ್ಚು ದಿನಗಳಾಗಿರಲಿಲ್ಲ. ಸೋದರಮಾವ ಕೊಟ್ಟ ಹಳೆಯ ಕ್ಯಾಮೆರಾ, ಆನ್‌ಲೈನ್ ಪಾಠ, ಲ್ಯಾಪ್‌ಟಾಪಿನಲ್ಲಿ ಎಡಿಟಿಂಗ್. ದೀಕ್ಷೆಯ ನೆಪದಲ್ಲಿ ಆ ಮನೆಯವರೆಲ್ಲರ ಮುಖಗಳನ್ನು ತೆಗೆಯುವೆನೆಂದು ಬೆಳಿಗ್ಗೆ ಎಷ್ಟು ಹುರುಪಿನಿಂದ ಹೋಗಿದ್ದಳು!

“ಅಮ್ಮ, ನನ್ ಫೋಟೋನೇ ಸಾಕ್ಷಿ ಆಯ್ತಲ್ಲ. ಕ್ಯಾಮೆರಾ ಸುಳ್ಳು ಹೇಳುತ್ತಾ?”

ನಾನು ಅವಳ ತಲೆ ಸವರಿದೆ.

“ಅಳೋರು ಇಬ್ರಾದ್ರೆ ನಂಗೆ ಕಷ್ಟ,” ಎಂದರು ಅತ್ತೆ. “ಲ್ಯಾಪ್‌ಟಾಪ್ ತಾರೆ. ಆ ಮನೆ ಫೋಟೋ ಎಲ್ಲಾ ತೋರಿಸು.”

ಎಲ್ಲ ಚಿತ್ರಗಳನ್ನೂ ಪೂಜೆಕೋಣೆಯ ಬಾಗಿಲಲ್ಲೇ ತೆಗೆದಿದ್ದಳು. ಅಲ್ಲಿ ಉತ್ತರದ ಕಿಟಕಿಯ ಬೆಳಕು ಚೆನ್ನಾಗಿ ಬೀಳುತ್ತದೆ. ಮೊದಲು ಶಿವರುದ್ರಪ್ಪ, ಆಮೇಲೆ ಅಂಜಿನಮ್ಮ, ಊಟವಾದ ಮೇಲೆ ಕಲ್ಯಾಣಮ್ಮ, ಕೊನೆಗೆ ಈಶ್ವರ್. ಶಿವರುದ್ರಪ್ಪನವರ ಚಿತ್ರ ನೋಡಿದ್ದೇ ನನಗೆ ಆ ಸಂಕಟದಲ್ಲೂ ನಗು ಬಂತು. ಹಣೆಯ ಮೇಲೆ ವಿಭೂತಿಯೇ ಇರಲಿಲ್ಲ! ಸ್ನಾನವಾದ ಮೇಲೆ ವಿಭೂತಿಯಿಲ್ಲದೆ ನೀರನ್ನೂ ಮುಟ್ಟದ ಮನುಷ್ಯ.

“ಅದಕ್ಕೆ ತಾತ ಫೋನ್ ಮಾಡಿ ಬೈದ್ರು,” ಎಂದಳು ಆರಾಧನಾ. “‘ನನ್ನನ್ಯಾಕಮ್ಮ ಬರೀ ಹಣೆ ಸಾಹೇಬನ್ನ ಮಾಡಿದ್ದೀಯ’ ಅಂತ. ಕ್ಲೀನ್ ಅಂತ ಒಂದು ಬಟನ್ ಇದೆ ಅಜ್ಜಿ. ಸುಕ್ಕು, ಕಲೆ, ಹಿಂದಿರೋ ಕಸ ಎಲ್ಲಾ ತೆಗೆಯುತ್ತೆ. ಎಲ್ಲಾ ಫೋಟೋಗೂ ಒಟ್ಟಿಗೆ ಒತ್ತಿ ಅವ್ರಿಗೆ ಕಳಿಸ್ಬಿಟ್ಟೆ. ವಿಭೂತೀನ ಸುಕ್ಕು ಅನ್ಕೊಂಡಿದೆ.”

ಅತ್ತೆ ಕನ್ನಡಕ ಏರಿಸಿಕೊಂಡು ಅಂಜಿನಮ್ಮನ ಚಿತ್ರದ ಮೇಲೆ ಬಗ್ಗಿದರು. ಮೊಳೆ ನಿಜವಾಗಿಯೂ ಖಾಲಿ. ಅದರ ಕೆಳಗೆ, ಗೋಡೆಯ ಮೇಲೆ, ಮೊಟ್ಟೆಯಂಥ ಒಂದು ಬೂದು ಮಸುಕಿತ್ತು. ನಾನಾಗಿದ್ದರೆ ಗೋಡೆಯ ತೇವ ಅಂದುಕೊಳ್ಳುತ್ತಿದ್ದೆ. ಅತ್ತೆ ಮುಂದಿನ ಚಿತ್ರಗಳಿಗೆ ಹೋದರು. ಈಶ್ವರನದು ಬಂದಾಗ ನಿಂತರು. ಏಪ್ರಿಲ್ ಸೆಖೆಯಲ್ಲೂ ಅವನು ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿದ್ದ. ಮುಖವನ್ನು ಕಿಟಕಿಯ ಕಡೆ ತಿರುಗಿಸಿದ್ದ.

“ಇಲ್ಲಿ, ಕಾಲರ್ ಮೇಲೆ, ಯಾಕೆ ಹಸಿ ಬಣ್ಣ ಒರೆಸಿದ ಹಾಗಿದೆ?”

“ಕ್ಲೀನ್ ಏನೋ ಅಳಿಸಿದೆ ಅಜ್ಜಿ. ನೂಲೋ ಗೀಲೋ ಇರ್ಬೇಕು.”

“ಒರಿಜಿನಲ್ಲು?”

“ಕಾರ್ಡ್ ಫುಲ್ ಆಗಿತ್ತು, ಡಿಲೀಟ್ ಮಾಡ್ಬಿಟ್ಟೆ…” ಮತ್ತೆ ಕಣ್ಣು ತುಂಬಿಕೊಂಡಳು.

“ನಾನು ಮಕ್ಕಳಿಗೆ ರಬ್ಬರ್ ಕೊಡ್ತಾನೇ ಇರ್ಲಿಲ್ಲ. ಅಳಿಸಿದ್ರೆ ಹೋಯ್ತು ಅಂತ. ನಿನ್ನ ಈ ರಬ್ಬರ್ ಅಳಿಸಿದ್ದನ್ನ ಎಲ್ಲಾದ್ರೂ ಇಟ್ಕೊಂಡಿರಲ್ವಾ? ಹುಡುಕು. ಮೀನಾ, ಅಂಜಿನಮ್ಮಂಗೆ ಏನಾದ್ರೂ ತಿನ್ನೋಕೆ ಕೊಡು.”

ನಾನು ಉಪ್ಪಿಟ್ಟು ಕೆದಕುತ್ತಿದ್ದಾಗ ಆರಾಧನಾ “ಅಜ್ಜೀ!” ಎಂದು ಕಿರುಚಿದ್ದು ಕೇಳಿಸಿತು. ಓಡಿಹೋಗಿ ನೋಡುವಷ್ಟರಲ್ಲಿ ಅತ್ತೆ ಲ್ಯಾಪ್‌ಟಾಪ್ ಮುಚ್ಚಿದ್ದರು. “ಪಕ್ಕದ್ಮನೇಲಿ ನೋಡುವೆಯಂತೆ, ಬಾ,” ಎಂದರು.

ಶಿವರುದ್ರಪ್ಪನವರ ನಡುಮನೆಯಲ್ಲಿ ಎಲ್ಲರೂ ಸೇರಿದ್ದರು. ಕಲ್ಯಾಣಮ್ಮ ಕಂಬಕ್ಕೊರಗಿದ್ದರು. ಶರಣ್ಯ ತಾತನ ಪಕ್ಕದಲ್ಲಿ ಮುದುಡಿ ಕೂತಿದ್ದಳು. ಈಶ್ವರ್ ಕೈಯಲ್ಲಿ ಫೋನು.

“ತಂದ್ಳಾ?” ಎಂದ. “ಇಲ್ಲಾಂದ್ರೆ ಸ್ಟೇಷನ್‌ಗೆ ಫೋನ್ ಮಾಡ್ತೀನಿ. ಎಲ್ಲರ ಬ್ಯಾಗು, ಬೀರು, ಹಾಸಿಗೆ, ಎಲ್ಲಾ ನಾನೇ ಹುಡುಕಿದೀನಿ. ಮನೇಲಿ ಇಲ್ಲ.”

“ಮಾಡುವಿಯಂತೆ, ಇರಪ್ಪ,” ಎಂದರು ಅತ್ತೆ. “ಶಿವರುದ್ರಪ್ಪನವರೇ, ಬೆಳಿಗ್ಗೆ ನಿಮ್ಮ ಫೋಟೋ ತೆಗೆದಾಗ ಕರಡಿಗೆ ಮೊಳೇಲಿತ್ತಾ?”

“ಇತ್ತು. ಕೈಮುಗಿದೇ ಬಂದು ಕೂತೆ.”

ಅತ್ತೆ ಅವರ ಚಿತ್ರವನ್ನು ತೋರಿಸಿದರು. “ನೋಡಿ, ನಿಮ್ಮ ಹಿಂದೇನೂ ಮೊಳೆ ಖಾಲಿ. ಹಾಗಾದ್ರೆ ನೀವೇ ಕದ್ದಿರಾ?”

ಶರಣ್ಯ ಕಿಸಕ್ಕನೆ ನಕ್ಕಳು. ಶಿವರುದ್ರಪ್ಪನವರ ಕೈ ತಾನಾಗಿಯೇ ಹಣೆಗೆ ಹೋಯಿತು.

“ನಿಮ್ಮ ವಿಭೂತಿ ಹೋದ ದಾರೀಲೇ ಕರಡಿಗೇನೂ ಹೋಗಿದೆ. ನಮ್ಮ ಹುಡುಗಿ ಹೊಸದಾಗಿ ಕಲೀತಿದಾಳೆ. ಹಿಂದೆ ಹೊಳೆಯೋದನ್ನ ಅವಳ ಕ್ಲೀನ್ ಬಟನ್ನು ಕಸ ಅಂತ ಅಳಿಸಿತು. ಆದ್ರೆ ನೆರಳು ಅಳಿಸೋಕೆ ಅದಕ್ಕೆ ಬುದ್ಧಿ ಸಾಲಲಿಲ್ಲ. ಅಂಜಿನಮ್ಮನ ಹಿಂದೆ ನೋಡಿ. ಬರೀ ಮೊಳೆಗೆ ಮೊಟ್ಟೆಯಂಥ ನೆರಳು ಬೀಳುತ್ತಾ? ವಸ್ತು ಇಲ್ಲದೆ ನೆರಳಿಲ್ಲ. ಆರಾಧನಾ, ಒತ್ತಮ್ಮ.”

ಆರಾಧನಾ ಒಂದು ಗುಂಡಿ ಒತ್ತಿದಳು. ಎಡಿಟಿಂಗ್ ಸಾಫ್ಟ್‌ವೇರ್ ಅಳಿಸಿದ್ದನ್ನು ತನ್ನೊಳಗೇ ಇಟ್ಟುಕೊಂಡಿತ್ತು. ಅಂಜಿನಮ್ಮನ ಕೆನ್ನೆಗೆ ಸುಕ್ಕುಗಳು ಮರಳಿದವು. ಅವಳ ತಲೆಯ ಹಿಂದೆ, ಕೆಂಪು ದಾರದಲ್ಲಿ, ಬೆಳ್ಳಿ ಕರಡಿಗೆ ಫಳಫಳ ಹೊಳೆಯಿತು.

“ಅಯ್ಯೋ ನನ್ನವ್ವ!” ಎಂದು ಅಂಜಿನಮ್ಮ ಕೈಮುಗಿದಳು. ದೇವರಿಗೋ ನನ್ನ ಮಗಳಿಗೋ ಗೊತ್ತಾಗಲಿಲ್ಲ.

“ಫೋಟೋ ಆದ ಕೂಡಲೇ ಇವಳು ಮನೆಗೆ ಹೋದಳು. ಕಲ್ಯಾಣಮ್ಮನ ಚಿತ್ರದಲ್ಲೂ ಆ ನೆರಳಿದೆ. ಕೊನೇದು ಈಶ್ವರ್‌ದು. ಅದರಲ್ಲಿ ನೆರಳೇ ಇಲ್ಲ. ಉತ್ತರದ ಕಿಟಕೀಲಿ ನೇರ ಬಿಸಿಲೇ ಬರಲ್ಲ, ಬಿಸಿಲು ತಿರುಗಿ ನೆರಳು ಮಾಯವಾಯ್ತು ಅನ್ನೋ ಹಾಗಿಲ್ಲ. ಅಂದ್ರೆ ಆ ಎರಡು ಚಿತ್ರಗಳ ನಡುವೆ ಕರಡಿಗೆ ಹೋಯ್ತು, ಮನೆಯವರೇ ತೆಗೆದ್ರು.”

“ನನ್ನ ಮೇಲೆ ಅನುಮಾನವಾ ತುಳಸಮ್ಮ?” ಕಲ್ಯಾಣಮ್ಮ ಕಂಬ ಬಿಟ್ಟು ನೆಟ್ಟಗಾದರು.

“ಇತ್ತು, ಸುಳ್ಳು ಹೇಳಲ್ಲ. ಆಮೇಲೆ ಯೋಚಿಸಿದೆ. ತೆಗೆದವರು ಎಲ್ಲಿಟ್ಟಿರಬಹುದು? ಬೇರೆ ಕಳ್ಳನಾಗಿದ್ರೆ ಚೀಲಕ್ಕೆ ತುರುಕ್ತಿದ್ದ. ಈ ಮನೇಲಿ ಹುಟ್ಟಿದವನಿಗೆ ಕದಿಯೋ ಮನಸ್ಸು ಬಂದ್ರೂ ಲಿಂಗಾನ ಹಾಸಿಗೆ ಕೆಳಗೆ, ನೆಲದ ಮೇಲೆ ಇಡೋಕೆ ಕೈ ಬರಲ್ಲ. ಅದಕ್ಕಿರೋದು ಒಂದೇ ಜಾಗ. ಅಲ್ಲಿ ಹುಡುಕೋಕೆ ಯಾರಿಗೂ ತೋಚಲ್ಲ. ಇನ್ನೊಂದು ಸಲ ಒತ್ತಮ್ಮ.”

ಪರದೆಯ ಮೇಲೆ ಈಶ್ವರನ ಮುಖ. ಕಿಟಕಿಯ ಕಡೆ ಕತ್ತು ತಿರುಗಿಸಿದಾಗ ಕಾಲರಿನ ಮೇಲೆ ಎರಡು ದಾರಗಳು ಇಣುಕಿದ್ದವು. ಒಂದು ಅವನದೇ ಬಿಳಿಯ ಶಿವದಾರ. ಇನ್ನೊಂದು ಕೆಂಪು.

“ನಾನ್ ಹೊಸೆದ ರೇಷ್ಮೆ!” ಎಂದರು ಕಲ್ಯಾಣಮ್ಮ.

ಈಶ್ವರ್ ಎದ್ದು ನಿಂತ. “ವಂಶದ್ದು ದೊಡ್ಡಪ್ಪ, ನಮ್ಮ ವಂಶದ್ದು! ನಾಳೆ ಮದುವೆಯಾಗಿ ಹೋಗೋ ಹುಡುಗೀಗೆ…”

“ವಂಶದ ಮರ್ಯಾದೆ ಉಳಿಸೋಕೆ ಬಡವಳ ಮರ್ಯಾದೆ ಕಳೆದ್ಯೇನೋ?” ಶಿವರುದ್ರಪ್ಪನವರು ಕೂಗಲಿಲ್ಲ. ಅಂಗೈ ಚಾಚಿದರು, ಅಷ್ಟೆ. ಈಶ್ವರ್ ಮೇಲಿನ ಗುಂಡಿಗಳನ್ನು ಬಿಚ್ಚಿ, ಕರಡಿಗೆಯನ್ನು ತೆಗೆದು ಆ ಅಂಗೈಯಲ್ಲಿಟ್ಟ. ಆಮೇಲೆ ಅಂಜಿನಮ್ಮನ ಮುಂದೆ ತಲೆ ತಗ್ಗಿಸಿ, “ತಪ್ಪಾಯ್ತು,” ಎಂದ.

“ಎಲ್ರೂ ಕೇಳೋ ಹಾಗೆ ಹೇಳಿ ಅಯ್ಯಾ,” ಎಂದಳು ಅಂಜಿನಮ್ಮ. “ಕಳ್ಳಿ ಅಂದಾಗ ಬೀದಿಗೆಲ್ಲಾ ಕೇಳಿತ್ತು.”

ಅವನು ಜಗುಲಿಗೆ ಹೋಗಿ, ಗುಂಪು ಕೂಡಿದ್ದ ಬೀದಿಯವರ ಮುಂದೆ ಮತ್ತೊಮ್ಮೆ ಹೇಳಿದ. ನಾನು ಆರಾಧನಾಳನ್ನು ಬಿಗಿಯಾಗಿ ತಬ್ಬಿಕೊಂಡೆ.

ಮರುದಿನ ಶರಣ್ಯಳ ಕೊರಳಿಗೆ ಕರಡಿಗೆ ಬಂತು. ಕಟ್ಟಿದವರು ಕಲ್ಯಾಣಮ್ಮನೇ. ಪ್ರಸಾದವಾದ ಮೇಲೆ ಶರಣ್ಯ ಅಂಜಿನಮ್ಮನನ್ನು ಎಳೆದು ತಂದು ಪೂಜೆಕೋಣೆಯ ಬಾಗಿಲಲ್ಲಿ ತನ್ನ ಪಕ್ಕ ನಿಲ್ಲಿಸಿಕೊಂಡಳು. ಆರಾಧನಾ ಕ್ಯಾಮೆರಾ ಎತ್ತಿದಳು. ಬಾಗಿಲ ತೋರಣದ ಒಂದು ಮಾವಿನೆಲೆ ಅಂಜಿನಮ್ಮನ ಕಿವಿಯ ಪಕ್ಕಕ್ಕೆ ಜೋತುಬಿದ್ದಿತ್ತು.

“ಆಂಟಿ, ಆ ಎಲೆ ಆಮೇಲೆ ತೆಗೀಲಾ?”

“ಬ್ಯಾಡ ತಾಯಿ,” ಎಂದಳು ಅಂಜಿನಮ್ಮ, ಸೆರಗು ಸರಿಮಾಡಿಕೊಂಡು ಎದೆಯೆತ್ತಿ. “ಎಲೆ, ಮೊಳೆ, ನನ್ ಸುಕ್ಕು, ಎಲ್ಲಾ ಇರ್ಲಿ. ಒಂದೂ ಅಳಿಸ್ಬೇಡ.”