ಟರ್ಬೊ ಕಾರಿನ ಹೊಟ್ಟೆಯಲ್ಲಿ ಲಾರಿ ಆಯಿಲ್

ಕೆಳಗಿನ ನಟ್ಟು ಬಿಚ್ಚಿದಾಗ ಆಯಿಲ್ ಸುರಿಯಲಿಲ್ಲ. ಜೇನಿನಂತೆ ಎಳೆ ಎಳೆಯಾಗಿ, ಸೋಮಾರಿಯಾಗಿ ಇಳಿಯಿತು.

ಮೆಕ್ಯಾನಿಕ್ ಸಿದ್ದೇಶ ಅದನ್ನು ಬೆರಳಿಗೆ ಹಚ್ಚಿಕೊಂಡು ನೋಡಿದ. ಇದು ಲಾರಿಗೆ ಹಾಕುವ ದಪ್ಪ ಆಯಿಲ್! ಈ ಪುಟ್ಟ ಟರ್ಬೊ ಕಾರಿಗೆ ಬೇಕಾದದ್ದು ತೀರಾ ತೆಳು ಆಯಿಲ್. ಬೆಳಿಗ್ಗೆ ಕೀಲಿ ತಿರುಗಿಸಿದ ಕ್ಷಣವೇ ಅದು ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊಗೆ ಓಡಿಹೋಗಬೇಕು. ದಪ್ಪ ಆಯಿಲ್ ತೆವಳಿಕೊಂಡು ತಲುಪುವಷ್ಟರಲ್ಲಿ ಲೋಹವನ್ನು ಲೋಹವೇ ತಿಂದಿರುತ್ತದೆ. ಇಲ್ಲೂ ಆದದ್ದು ಅದೇ. ಕಾರು ನಂಜನಗೂಡು ರಸ್ತೆಯಲ್ಲಿ ಕಿರುಚಿ ನಿಂತು, ಮೈಸೂರಿನ ಬನ್ನಿಮಂಟಪದ ಈ ಗ್ಯಾರೇಜಿಗೆ ಎಳೆಸಿಕೊಂಡು ಬಂದಿತ್ತು.

ಸಂಕ್ರಾಂತಿಗೆ ಮುಂಚೆ ಅದರ ಸರ್ವಿಸ್ ಮಾಡಿದ್ದವನು ಸಿದ್ದೇಶನೇ.

"ಎರಡು ಡ್ರಮ್ಮೂ ಪಕ್ಕಪಕ್ಕದಲ್ಲೇ ಅವೆ. ಲಾರಿ ಡ್ರಮ್ಮಿಗೆ ಕೈ ಹಾಕ್ಬುಟ್ಟಿದ್ದೀಯಾ, ಒಪ್ಕೊ," ಎಂದರು ಮಾಲೀಕರಾದ ಕರಿಬಸವಯ್ಯ.

"ಇಲ್ಲ ಸಾರ್..."

"ತೆಳು ಆಯಿಲ್ ಹಾಕಿದ್ದು ನೆನಪೈತಾ?"

ನೆನಪಿರಲಿಲ್ಲ. ದಿನಾ ಮಾಡುವ ಕೆಲಸ. ಉಂಡ ಊಟದಲ್ಲಿ ಯಾವ ತುತ್ತು ಹೇಗೆ ಬಾಯಿಗೆ ಹೋಯಿತೆಂದು ಯಾರಿಗೆ ನೆನಪು?

"ನಾಳೆ ಕಾರು ಕಂಪನಿ ಕಡೆಯಿಂದ ಪದ್ಮಾವತಿ ಮೇಡಂ ತಪಾಸಣೆಗೆ ಬರ್ತಾರೆ. ತಪ್ಪು ನಮ್ಮದೇ ಅಂತ ಅವರೂ ಅಂದ್ರೆ, ನೀನು ಬೇರೆ ಕಡೆ ಕೆಲಸ ನೋಡ್ಕೊ ಕಣಪ್ಪ."

ಮರುದಿನ ಬಂದ ಪದ್ಮಾವತಿ ಹೆಚ್ಚು ಮಾತಿನವರಲ್ಲ. ಕಾರಿನ ಒಡತಿ ಧರಣಿಯನ್ನೂ ಕರೆಸಿದ್ದರು. ವಿದ್ಯಾರಣ್ಯಪುರಂನಿಂದ ದಿನಾ ನಂಜನಗೂಡಿಗೆ ಹೋಗಿ ಬರುವ ಶಾಲಾ ಟೀಚರ್ ಆಕೆ. ಜೊತೆಗೆ ಅವಳ ತಂದೆ ಶಿವರಾಮು, ಮಾಸಿದ ಖಾಕಿ ಅಂಗಿಯಲ್ಲಿ.

"ಸರ್ವಿಸ್ ಆದಮೇಲೆ ಬೇರೆ ಯಾರಾದ್ರೂ ಕಾರು ಮುಟ್ಟಿದ್ರಾ?" ಪದ್ಮಾವತಿ ಕೇಳಿದರು.

"ಇಲ್ಲ ಮೇಡಂ. ನಾನೊಬ್ಬಳೇ ಓಡಿಸೋದು."

"ಬಾನೆಟ್ ತೆಗೀತೀರಾ?"

ಧರಣಿ ಸ್ಟೀರಿಂಗಿನ ಕೆಳಗೆ ತಡಕಾಡಿದಳು. ಶಿವರಾಮು ಕಿಟಕಿಯೊಳಗೆ ಕೈ ಹಾಕಿ, ನೋಡದೆಯೇ ಲಿವರ್ ಎಳೆದರು. ಟಕ್!

ಪದ್ಮಾವತಿ ಎಂಜಿನ್ ಮೇಲೆ ಬಗ್ಗಿದರು. ಆಯುಧಪೂಜೆಯಲ್ಲಿ ಇಡುವಂಥ ಕುಂಕುಮ ಬ್ಯಾಟರಿ, ರೇಡಿಯೇಟರ್, ಆಯಿಲ್ ಮುಚ್ಚಳ, ಎಲ್ಲದರ ಮೇಲೂ ಇತ್ತು. ಮೈಸೂರಿನಲ್ಲಿ ಕುಂಕುಮವಿಲ್ಲದ ಎಂಜಿನ್ ಎಲ್ಲಿದೆ? ಸಿದ್ದೇಶ ಅತ್ತ ನೋಡಲೂ ಇಲ್ಲ.

"ಸಿದ್ದೇಶ್, ಅಲ್ಲಿ ನಿಂತಿರೋ ಬಿಳಿ ಕಾರಿಗೆ ಆಯಿಲ್ ಹಾಕಿ ಬನ್ನಿ."

ಪರೀಕ್ಷೆ! ಹೋದ, ಹಾಕಿದ, ಬಂದ. ಪದ್ಮಾವತಿ ಡ್ರಮ್ಮಿನ ಕಡೆ ನೋಡಿರಲೇ ಇಲ್ಲ, ಅವನ ಕೈಗಳನ್ನಷ್ಟೇ ನೋಡುತ್ತಿದ್ದರು.

"ಮುಚ್ಚಳ ತೆಗೆಯೋಕೆ ಮುಂಚೆ ಏನು ಮಾಡಿದ್ರಿ?"

"ಏನೂ ಇಲ್ವಲ್ಲ ಮೇಡಂ?"

"ಬಟ್ಟೇಲಿ ಒರೆಸಿದ್ರಿ."

"ಓ, ಅದಾ? ಒರೆಸ್ದೆ ತೆಗೆದ್ರೆ ಧೂಳು ಒಳಕ್ಕೆ ಬೀಳುತ್ತೆ. ಯಾವಾಗ್ಲೂ ಒರೆಸ್ತೀನಿ."

"ಹಾಗಿದ್ರೆ ಇಲ್ಲಿ ನೋಡಿ." ಪದ್ಮಾವತಿಯ ಬೆರಳು ಧರಣಿಯ ಕಾರಿನತ್ತ ತಿರುಗಿತು. "ದಸರಾ ಕುಂಕುಮ ಬಿಸಿಗೆ ಬೆಂದು ಕಂದು ಬಣ್ಣಕ್ಕೆ ತಿರುಗಿದೆ. ಮುಚ್ಚಳದ ಮೇಲಿನದು ಮಾತ್ರ ಕೆಂಪು ಕೆಂಪಾಗಿದೆ. ಹಳೇದಾಗಿದ್ದರೆ ಸಂಕ್ರಾಂತಿ ಸರ್ವಿಸ್‌ನಲ್ಲೇ ನಿಮ್ಮ ಬಟ್ಟೆಗೆ ಹತ್ತಿ ಹೋಗ್ತಿತ್ತು. ನೀವು ಒರೆಸಿದ ಮೇಲೆ ಯಾರೋ ಈ ಮುಚ್ಚಳ ತೆಗೆದು, ಹಾಕಿ, ಕುಂಕುಮ ಇಟ್ಟಿದ್ದಾರೆ. ಕಾರು ಕೆಡಿಸೋರು ಕುಂಕುಮ ಇಡ್ತಾರಾ? ಇಟ್ಟೋರಿಗೆ ಈ ಕಾರಿನ ಮೇಲೆ ಪ್ರೀತಿ ಇದೆ. ಲಿವರ್ ಎಲ್ಲಿದೆ ಅಂತಾನೂ ಗೊತ್ತು." ಅವರ ದನಿ ಮೆತ್ತಗಾಯಿತು. "ಆಯಿಲ್ ಬದಲಾಯಿಸಿದ್ದು ನೀವೇ ಅಲ್ವಾ, ಶಿವರಾಮು ಅವರೇ?"

ಮುದುಕರು ತಲೆಯಾಡಿಸಿದರು.

"ಆಯಿಲ್ ಅಳೆಯೋ ಕಡ್ಡಿ ಎತ್ತಿ ನೋಡ್ದೆ ಕಣವ್ವ. ಆಯಿಲ್ಲು ನೀರ್ ನೀರಾಗಿತ್ತು! ಲಾರೀಲೇ ಕೂದ್ಲು ಬೆಳ್ಳಗಾದೋನು ನಾನು, ಅಂಥ ಆಯಿಲ್ಲ ಕಂಡೇ ಇರ್ಲಿಲ್ಲ. ಕಲಬೆರಕೆ ಅಂದ್ಕಂಡೆ. ಮಗಳು ಒಬ್ಬಳೇ ಓಡಾಡ್ತಾಳೆ, ದಾರೀಲಿ ಕೈ ಕೊಟ್ರೆ? ಅದ್ನ ಚೆಲ್ಲಿ, ಗಟ್ಟಿ ಆಯಿಲ್ಲು ತುಂಬ್ಸಿ, ಚಾಮುಂಡವ್ವನ ನೆನೆದು ಕುಂಕುಮ ಇಟ್ಟೆ."

"ಅಪ್ಪಾ! ನಂಗ್ಯಾಕೆ ಹೇಳ್ಲಿಲ್ಲ?"

"ಗಾಡಿ ನಿಂತೋದ್ಮೇಲೆ ಬಾಯೇ ಬರ್ನಿಲ್ಲ ಕಣಮ್ಮ." ಅವರು ಸಿದ್ದೇಶನತ್ತ ತಿರುಗಿದರು. "ನಿನ್ನ ಕೆಲಸಕ್ಕೇ ಸಂಚಕಾರ ಬಂದದ್ದು ನಂಗೆ ಗೊತ್ತಿರ್ಲಿಲ್ಲ ಮಗಾ. ಗೊತ್ತಿದ್ರೆ ನೆನ್ನೇನೇ ಬಂದ್ಬುಡ್ತಿದ್ದೆ."

ಕರಿಬಸವಯ್ಯ ಗಂಟಲು ಸರಿಮಾಡಿಕೊಂಡರು. "ಹೂಂ... ಸಿದ್ದೇಶ, ಟರ್ಬೊ ಬಿಚ್ಚು. ರಿಪೇರಿ ಆಗತ್ತೋ ನೋಡಣ. ನಾಳೆ ಬೇಗ ಬಾ."

ಎಲ್ಲರಿಗಿಂತ ಹೆಚ್ಚಾಗಿ ತನ್ನನ್ನು ಅನುಮಾನಿಸಿದ್ದವನು ತಾನೇ ಎಂದು ಸಿದ್ದೇಶನಿಗೆ ಈಗ ಹೊಳೆಯಿತು. ಕಪ್ಪಾದ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡ. ಆಮೇಲೆ ಶಿವರಾಮು ಅವರಿಗೆ ಸ್ಟೂಲ್ ಎಳೆದುಕೊಟ್ಟು, "ಕೂತ್ಕೊಳಿ ಯಜಮಾನ್ರೇ, ಟೀ ತರಿಸ್ತೀನಿ," ಎಂದ.