ಸುರಂಗದಲ್ಲಿ ಸತ್ತ ಡೈನಮೊ

ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಆಚೆ ಬದಿಯ ಕಲ್ಲುಗಣಿಯಲ್ಲಿ ಮೇಸ್ತ್ರಿಗೆ ಅದೇ ಬೆಳಿಗ್ಗೆ ಹಾವು ಕಚ್ಚಿತ್ತು. ವಿಷಕ್ಕೆ ಮದ್ದು ಈಚೆ ಬದಿಯ ಆಸ್ಪತ್ರೆಯಲ್ಲಿತ್ತು. ನಡುವೆ ಉಳಿದ ದಾರಿ ಒಂದೇ: ಗಣಿಯವರು ಹಿಂದೆಂದೋ ಕೊರೆದು ಕೈಬಿಟ್ಟಿದ್ದ ಮೂರು ಕಿಲೋಮೀಟರ್ ಸುರಂಗ. ಅದರೊಳಗೆ ಜೀಪು ಹಿಡಿಸದು. ಹೊಸ ಬೈಕಿದ್ದವರೆಲ್ಲ ಸುರಂಗ ಅನ್ನುತ್ತಲೇ ಮೆಲ್ಲಗೆ ಜಾರಿಕೊಂಡರು.

ಹೊರಟವರು ಇಬ್ಬರೇ. ಒಬ್ಬಳು ಗ್ಯಾರೇಜಿನ ಮೆಕ್ಯಾನಿಕ್. ಸೊಂಟದಲ್ಲಿ ಸದಾ ನಟ್ಟು ಬಿಚ್ಚುವ ಒಂದು ಪಾನಾ ಸಿಕ್ಕಿಸಿಕೊಂಡಿರುತ್ತಿದ್ದರಿಂದ ಊರೆಲ್ಲ ಅವಳನ್ನು ಪಾನಾ ಎಂದೇ ಕರೆಯುತ್ತಿತ್ತು. ಇನ್ನೊಬ್ಬರು ಅವಳ ಸೋದರತ್ತೆ, ಆಸ್ಪತ್ರೆಯ ಹಿರಿಯ ನರ್ಸ್. ಗಾಡಿ ಮಾತ್ರ ಇಬ್ಬರಿಗಿಂತ ಹಿರಿಯದು. ಪಾನಾ ಗುಜರಿಯಿಂದ ಎಳೆದು ತಂದು, ಮೂರು ವರ್ಷ ಉಜ್ಜಿ, ಬೆಸೆದು, ಬದುಕಿಸಿದ ಸೈಡ್‌ಕಾರ್ ಮೋಟಾರ್‌ಸೈಕಲ್ ಅದು.

ಸುರಂಗದ ಬಾಯಲ್ಲಿ ರಸ್ತೆ ಇಂಜಿನಿಯರ್ ಅಡ್ಡ ನಿಂತ.

"ಈ ಗುಜರಿ ಮೇಲಾ? ನಾಳೆ ಸಂಜೆಗೆ ಮಣ್ಣು ತೆಗೆಯೋ ಯಂತ್ರ ಬರುತ್ತೆ. ಕಾಯಿರಿ."

"ವಿಷ ನಾಳೆ ಸಂಜೆವರೆಗೂ ಕಾಯುತ್ತಾ ಸಾರ್?" ಅತ್ತೆ ಕೇಳಿದರು.

"ಒಳಗೆ ಗಾಡಿ ನಿಂತರೆ?"

"ನಿಂತ ಗಾಡೀನ ರಿಪೇರಿ ಮಾಡೋಕೆ ನನಗೆ ಬರುತ್ತೆ," ಅಂದಳು ಪಾನಾ. "ಅಡ್ಡ ನಿಂತ ಮನುಷ್ಯನ್ನ ರಿಪೇರಿ ಮಾಡೋಕೆ ಬರಲ್ಲ. ಸರೀರಿ ಪಕ್ಕಕ್ಕೆ."

ಅವನು ಸರಿಯುವ ಮೊದಲೇ ಅವಳು ಕ್ಲಚ್ ಬಿಟ್ಟಿದ್ದಳು.

ಬೆನ್ನ ಹಿಂದೆ ಹಗಲು ಮೊದಲು ಬಾಗಿಲಷ್ಟಾಯಿತು, ಆಮೇಲೆ ಕಿಂಡಿಯಷ್ಟಾಯಿತು, ಒಂದು ತಿರುವಿನಲ್ಲಿ ಇಲ್ಲವೇ ಆಯಿತು. ಎರಡೂ ಬದಿಗೆ ಉಳಿಯೇಟಿನ ಗುರುತು ಹೊತ್ತ ಕರಿಗಲ್ಲು. ಮೇಲಿಂದ ತೊಟ್ಟಿಕ್ಕುವ ನೀರು ಕತ್ತಿನೊಳಗೆ ಇಳಿದು ಬೆನ್ನು ಕೊರೆಯುತ್ತಿತ್ತು. ಚಕ್ರದಡಿ ಕೆಸರು, ಕೆಸರಿನಡಿ ಕೊಳೆತ ಮರದ ದಿಮ್ಮಿ. ಹೆಡ್‌ಲೈಟಿಗೆ ಬೆದರಿದ ಬಾವಲಿಗಳು ಕಪ್ಪು ಕಂಬಳಿ ಕೊಡವಿದ ಹಾಗೆ ಒಮ್ಮೆಲೇ ಎದ್ದು ತಲೆ ಸವರಿಕೊಂಡು ಹೋದವು.

ಅರ್ಧ ದಾರಿಯಲ್ಲಿ ಬೆಳಕು ಹಳದಿಗೆ ತಿರುಗಿತು.

ಪಾನಾ ಚಾರ್ಜ್ ಮೀಟರ್ ನೋಡಿದಳು. ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಬಿದ್ದಿತ್ತು. ಡೈನಮೊ ಕರೆಂಟು ಕೊಡುತ್ತಿಲ್ಲ. ದೀಪವೂ ಇಂಜಿನ್ನಿನ ಕಿಡಿಯೂ ಬ್ಯಾಟರಿಯನ್ನೇ ಹೀರುತ್ತಿವೆ.

ಇಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ನಿಂತುಬಿಟ್ಟಿತು.

ಕಣ್ಣಿಗೆ ಬೆರಳಿಟ್ಟರೂ ಕಾಣದ ಕತ್ತಲು. ಅತ್ತೆ ಟಾರ್ಚ್ ಹಾಕಿದರು. ಪಾನಾ ಕೆಸರಲ್ಲೇ ಮಂಡಿಯೂರಿ ಡೈನಮೊ ಮುಚ್ಚಳ ಬಿಚ್ಚಿದಳು. ಒಳಗೆ ತಿರುಗುವ ತಾಮ್ರಕ್ಕೆ ಒತ್ತಿಕೊಂಡು ಕರೆಂಟು ಹೊರತರಬೇಕಾದ ಎರಡು ಕಾರ್ಬನ್ ತುಂಡುಗಳಲ್ಲಿ ಒಂದು ಸವೆದು ಪುಡಿಯಾಗಿತ್ತು.

"ಹೋದ ವಾರ ನೋಡಿದ್ದೆ ಅತ್ತೆ. ಇನ್ನೊಂದು ತಿಂಗಳು ಬರುತ್ತೆ ಅಂತ ಬಿಟ್ಟೆ."

"ನಿನ್ನನ್ನ ನೀನು ಬೈಕೊಳ್ಳೋದು ಆಚೆ ಹೋದಮೇಲೆ. ಈಗ ಏನು ಬೇಕು ಹೇಳು."

ಪಾನಾ ಅತ್ತೆಯ ಕೈಲಿದ್ದ ಟಾರ್ಚನ್ನೇ ದಿಟ್ಟಿಸಿದಳು. ತಟ್ಟನೆ ಸೀಟಿನಡಿಯಿಂದ ತನ್ನ ಟಾರ್ಚು ಎಳೆದು, ಅದರ ಹಿಂಬದಿ ತಿರುಚಿ ಒಂದು ದಪ್ಪ ಸೆಲ್ ಹೊರತೆಗೆದು, ಸೊಂಟದ ಪಾನಾದಿಂದ ಜಜ್ಜಿದಳು. ಸೆಲ್ಲಿನ ನಡುವೆ ಕಪ್ಪು ಕಡ್ಡಿ. ಅದೂ ಕಾರ್ಬನ್ನೇ!

ಸುರಂಗದ ಗೋಡೆಯೇ ಅವಳಿಗೆ ಅರವಾಯಿತು. ಉಜ್ಜಿದಳು, ಅಳತೆ ನೋಡಿದಳು, ಮತ್ತೆ ಉಜ್ಜಿದಳು. ಬೆರಳ ತುದಿ ಕಿತ್ತು ರಕ್ತ ಬಂತು. ಸವೆದ ತುಂಡಿನ ತಾಮ್ರದ ಎಳೆಯನ್ನು ಹೊಸದಕ್ಕೆ ಬಿಗಿದು ಸುತ್ತಿದಳು.

"ಬಟ್ಟೆ, ಸ್ಪಿರಿಟ್."

ಅತ್ತೆ ಮದ್ದಿನ ಪೆಟ್ಟಿಗೆಯಿಂದ ತೆಗೆದು ಕೊಟ್ಟರು. ತಾಮ್ರದ ಮೇಲಿನ ಮಸಿ ಹೋಯಿತು.

"ಚಿಮಟ."

"ಮೂವತ್ತು ವರ್ಷ ಡಾಕ್ಟರುಗಳಿಗೆ ಕೊಟ್ಟಿದ್ದಾಯ್ತು, ಈಗ ನಿನಗೆ," ಗೊಣಗುತ್ತಲೇ ಚಿಮಟವನ್ನೂ ಅವಳ ಕೈಗಿಟ್ಟರು. ಕಾರ್ಬನ್ನನ್ನು ಒತ್ತಿಹಿಡಿಯುವ ಸ್ಪ್ರಿಂಗ್ ಟಕ್ಕೆಂದು ಕೂತಿತು.

ಇನ್ನು ತಳ್ಳಬೇಕು. ಬ್ಯಾಟರಿಯಲ್ಲಿ ಉಳಿದ ಗುಟುಕು ಜೀವವೆಲ್ಲ ಕಿಡಿಗೇ ಬೇಕು, ಹೆಡ್‌ಲೈಟ್ ಹಾಕುವಂತಿಲ್ಲ. ಅತ್ತೆ ತಮ್ಮ ಟಾರ್ಚನ್ನು ಬ್ಯಾಂಡೇಜಿನಿಂದ ಸೈಡ್‌ಕಾರಿನ ಮೂತಿಗೆ ಕಟ್ಟಿದರು. ಮುಂದೆ ಇಳಿಜಾರಿತ್ತು, ಅದೊಂದೇ ಪುಣ್ಯ.

"ತಳ್ಳಿ!"

ಚಕ್ರ ಕೆಸರಿಂದ ಕಿತ್ತು ಬಂತು. ಹತ್ತು ಹೆಜ್ಜೆ. ಇಪ್ಪತ್ತು. ಪಾನಾ ಹಾರಿ ಕೂತು ಕ್ಲಚ್ ಬಿಟ್ಟಳು. ಇಂಜಿನ್ ಗುಡುಗಿತು!

"ಹತ್ತಿ ಅತ್ತೆ!"

ಅರವತ್ತರ ಹತ್ತಿರದ ಅತ್ತೆ ಓಡುವ ಗಾಡಿಯ ಪಕ್ಕದ ತೊಟ್ಟಿಲೊಳಗೆ ಹಾರಿ ಬಿದ್ದರು.

"ನಿಧಾನ ಕಣೆ! ಈ ಟಾರ್ಚಲ್ಲಿ ಏನೂ ಸರಿಯಾಗಿ ಕಾಣ್ತಿಲ್ಲ!"

"ನಿಧಾನ ಮಾಡಿದರೆ ಚಾರ್ಜ್ ಹತ್ತಲ್ಲ!"

ಮುಳ್ಳು ನಡುಗಿತು. ಸೊನ್ನೆಗೆ ಬಂತು. ದಾಟಿತು! ಅವಳು ಹೆಡ್‌ಲೈಟ್ ಹಾಕಿದಳು. ಎದುರಿಗೇ, ಹತ್ತು ಮಾರಿನಲ್ಲಿ, ಚಾವಣಿಯಿಂದ ಕಳಚಿ ಬಿದ್ದ ಬಂಡೆ!

ಹ್ಯಾಂಡಲ್ ಎಳೆದಳು. ಸೈಡ್‌ಕಾರಿನ ಚಕ್ರ ಗಾಳಿಗೆದ್ದಿತು. ಅತ್ತೆ ಮದ್ದಿನ ಪೆಟ್ಟಿಗೆ ತಬ್ಬಿಕೊಂಡು ಹೊರಕ್ಕೆ ವಾಲಿ ಭಾರ ಹಾಕಿದರು. ಚಕ್ರ ಧೊಪ್ಪನೆ ನೆಲ ಕಂಡಿತು. ಬಂಡೆ ಹಿಂದಾಯಿತು.

ಆಚೆ ಬಾಯಲ್ಲಿ ಬಿಸಿಲಿತ್ತು, ಗಣಿಯ ಜನರಿದ್ದರು. ಮೇಸ್ತ್ರಿಯ ಕಾಲು ಊದಿ ಕಂಬವಾಗಿತ್ತು, ರೆಪ್ಪೆ ಮುಚ್ಚಿಕೊಂಡು ಬರುತ್ತಿತ್ತು. ಅತ್ತೆ ಸೂಜಿ ಚುಚ್ಚಿ ಮದ್ದು ಹನಿಸತೊಡಗಿದರು. ಎರಡು ಗಂಟೆ ಅವನ ನಾಡಿ ಹಿಡಿದೇ ಕೂತರು. ಕೊನೆಗೆ ಅವನು ಕಣ್ಣು ಬಿಟ್ಟು ನೀರು ಕೇಳಿದ.

"ಆಸ್ಪತ್ರೆಗೆ ಒಯ್ಯಲೇಬೇಕು," ಅಂದರು ಅತ್ತೆ.

ಅವನನ್ನು ಸೈಡ್‌ಕಾರಿನಲ್ಲಿ ಮಲಗಿಸಿ, ಅತ್ತೆ ಹಿಂದಿನ ಸೀಟಿಗೆ ಏರಿದರು. ಮರಳುವ ದಾರಿ ಏರು. ಪಾನಾ ಒಂದು ಕಣ್ಣು ಮುಳ್ಳಿನ ಮೇಲೆ, ಒಂದು ಕಣ್ಣು ದಾರಿಯ ಮೇಲೆ ಇಟ್ಟು, ಇಂಜಿನ್ನಿನ ಉಸಿರು ಇಳಿಯಗೊಡದೆ ಹತ್ತಿಸಿದಳು. ಮೇಸ್ತ್ರಿಗೆ ಎಚ್ಚರ ತಪ್ಪದಿರಲೆಂದು ಅತ್ತೆ ಸುರಂಗದುದ್ದಕ್ಕೂ ಅವನನ್ನು ಬೈಯುತ್ತಲೇ ಬಂದರು.

"ಉಳೀತಾನೆ," ಅಂದರು ಡಾಕ್ಟರು, ಮಧ್ಯಾಹ್ನ ಮೂರಕ್ಕೆ.

ಹೊರಗೆ ಬಂದಾಗ ಅತ್ತೆ ಸೊಂಟ ಹಿಡಿದುಕೊಂಡರು. "ಮನೆಗೆ ನಡೆದೇ ಬರ್ತೀನಿ ಕಣೆ. ನನ್ನ ಮೂಳೆಗಳನ್ನ ಇನ್ನು ಎಣಿಸಿ ನೋಡಬೇಕು."

"ಹತ್ತಿ ಅತ್ತೆ. ಪೇಟೆ ಬೀದೀಲಿ ಹೋಗೋಣ."

"ಸುತ್ತು ದಾರಿ ಯಾಕೆ?"

"ಸುಮ್ಮನೆ."

ಒಂದೇ ಕಿಕ್ಕಿಗೆ ಇಂಜಿನ್ ಎದ್ದಿತು. ಸುಡುವ ಬಿಸಿಲಿನಲ್ಲಿ ಪಾನಾ ಹೆಡ್‌ಲೈಟ್ ಹಾಕಿದಳು, ಪೇಟೆಯ ನಟ್ಟನಡುವೆ ನಿಧಾನಕ್ಕೆ ಹೋದಳು. ಅಂಗಡಿ ಮೆಟ್ಟಿಲ ಮೇಲೆ, ತನ್ನ ಹೊಸ ಬೈಕಿನ ಪಕ್ಕ ಕೂತಿದ್ದ ಒಬ್ಬ ಕೂಗಿದ: "ಏ ಪಾನಾ! ಲೈಟ್ ಉರೀತಿದೆ!"

"ಗೊತ್ತು," ಅಂದಳು ಅವಳು.