ಎರಡು ಚೆಂಡು ಮಲ್ಲಿಗೆ

ಶುಕ್ರವಾರ ಬೆಳಿಗ್ಗೆ ಚಂಪಾ ನೀರುದೋಸೆಯ ಹಿಟ್ಟು ಕದಡಿ, ಕಾದ ಕಾವಲಿಗೆ ಮೊದಲ ಸೌಟು ಹೊಯ್ಯುವಷ್ಟರಲ್ಲಿ ಅಲಿಶಾ ರಟ್ಟಿನ ಮನೆಯೊಂದನ್ನು ತಂದು ಒಲೆಯ ಪಕ್ಕದಲ್ಲೇ ಇಟ್ಟಳು.

"ಅಯ್ಯೋ, ಬೆಂಕಿ ಹಿಡಿದೀತು ಮಗಾ! ಎಂತ ಇದು?"

"ಹಿಸ್ಟರಿ ಪ್ರಾಜೆಕ್ಟ್. ಹಿಂದೆ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದವರ ಪ್ರಾರ್ಥನೆ ಮನೆ. ಅವರ ರಾಜ ಅವರಿಗೆ ಬೇಕಾದ ಹಾಗೆ ಪ್ರೇ ಮಾಡ್ಲಿಕ್ಕೆ ಬಿಡ್ಲಿಲ್ಲ, ಸೋ ದೇ ಲೆಫ್ಟ್. ಆದ್ರೆ ಅಲ್ಲಿ ಬೇರೆ ಥರ ಪ್ರೇ ಮಾಡಿದವರನ್ನು ಇವರೇ ಓಡಿಸಿದ್ರು!"

"ಶಿಲುಬೆ ಎಲ್ಲಿ?"

"ನೋ ಕ್ರಾಸ್. ಫೋಟೋನೂ ಇಲ್ಲ. ಬರೀ ಗೋಡೆ. ಲೈಕ್ ಅವರ್ ಹೌಸ್."

ಚಂಪಾಳ ಸೌಟು ಅಲ್ಲೇ ನಿಂತಿತು.

"ಅಮ್ಮಾ, ಒಂದು ಕೇಳ್ಲಾ?"

"ಯಲ್ಲಾ, ಬೇಗ ಹೊರಡು ಅಲಿಶಾ, ಇಗರ್ಜಿಗೆ ಲೇಟಾಯ್ತು!" ಎನ್ನುತ್ತಾ ಸೆಡ್ರಿಕ್ ಬಂದ. ಹುಡುಗಿ ಮಾತು ನುಂಗಿಕೊಂಡು ಚಪ್ಪಲಿ ಹುಡುಕಲು ಹೋದಳು.

ಅವನ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಚಂಪಾ ಹಾಕಿದಳು. ಹಾಕಿದ ಮೇಲೂ ಬೆರಳು ಅಲ್ಲೇ ಉಳಿಯಿತು.

"ಹಿಟ್ಟಿನ ಕೈ ಮಾರಾಯ್ತಿ!"

"ಇರಲಿ. ಯಾರ ಗಂಡ ಅಂತ ಅಲ್ಲಿಯವರಿಗೂ ಗೊತ್ತಾಗಲಿ."

ಅವನು ನಕ್ಕ. 'ನೀನೂ ಬಾ' ಎಂಬುದು ಅವನ ಕಣ್ಣಿನವರೆಗೆ ಬಂತು, ತುಟಿಗೆ ಬರಲಿಲ್ಲ.

ಮದುವೆಯಾದಾಗ ಎರಡೂ ಮನೆಯವರು ಬಾಗಿಲು ಹಾಕಿಕೊಂಡಿದ್ದರು. ಆಗ ಇಬ್ಬರೂ ಸೇರಿ ಮಾಡಿಕೊಂಡ ಮಾತು ಒಂದೇ: ನಮ್ಮ ಗೋಡೆಯ ಮೇಲೆ ಯಾರ ದೇವರೂ ಬೇಡ, ಜಗಳವೂ ಬೇಡ. ಜಗಳ ಬರಲಿಲ್ಲ. ಅದರ ಬದಲು ಶುಕ್ರವಾರಗಳು ಬಂದವು.

ಶುಕ್ರವಾರವೇ ವಾರದ ರಜೆಯಾದ ಕೊಲ್ಲಿ ದೇಶದ ಫರ್ವಾನಿಯಾದ ಆ ಫ್ಲ್ಯಾಟಿನಲ್ಲಿ ಕಾರಿನ ಸದ್ದು ಅಡಗಿದ ಮೇಲೆ ಚಂಪಾ ಕಪಾಟು ತೆರೆದು, ಅಕ್ಕಿ ಡಬ್ಬದ ಹಿಂದೆ ದೇವರ ಪಟದ ಬಳಿ ಇದ್ದ ಪುಟ್ಟ ದೀಪವನ್ನು ಮುಂದಕ್ಕೆ ಎಳೆದು ಹಚ್ಚುತ್ತಿದ್ದಳು. ಎ.ಸಿ. ಗುಂಯ್‌ಗುಡುತ್ತಿತ್ತು. ಭಜನೆ ಹಾಡಲು ಬಾಯಿ ತೆರೆದರೆ ತನ್ನ ದನಿಯೇ ಪರರದ್ದೆನಿಸಿ ಸುಮ್ಮನಾಗುತ್ತಿದ್ದಳು.

ಇಗರ್ಜಿಯಿಂದ ಬರುವಾಗ ಸೆಡ್ರಿಕ್ ಪ್ರತಿ ವಾರವೂ ಊರಿನ ವಿಮಾನದಲ್ಲಿ ಬಂದ ಮಲ್ಲಿಗೆ ತರುತ್ತಿದ್ದ, ಮಾಲೆ ಕಟ್ಟಿ ಉಂಡೆಯಾಗಿ ಸುತ್ತಿದ ಎರಡು ಚೆಂಡು. ಒಂದನ್ನು ಅವಳು ಮುಡಿಯುತ್ತಿದ್ದಳು. ಇನ್ನೊಂದು ಗುಟ್ಟಾಗಿ ಕಪಾಟು ಸೇರುತ್ತಿತ್ತು.

ಇವತ್ತು ದೀಪ ಹಚ್ಚಿ ಕಣ್ಣು ಮುಚ್ಚಿದ್ದಳಷ್ಟೆ, ಬಾಗಿಲು ತೆರೆಯಿತು.

"ಪ್ರಾಜೆಕ್ಟ್ ಮರ್ತೆ! ಚರ್ಚಿಗೆ ಟೀಚರ್ ಬರ್ತಾರೆ, ತೋರಿಸ್ಬೇಕು!" ಅಲಿಶಾ ಓಡಿ ಬಂದಳು. ಹಿಂದೆಯೇ ಸೆಡ್ರಿಕ್, ಕೈಯಲ್ಲಿ ಬಾಳೆಲೆಯ ಪೊಟ್ಟಣ. ಹೂ ಮುಗಿದುಹೋದೀತೆಂದು ಈ ಸಲ ಹೋಗುವಾಗಲೇ ಕೊಂಡಿದ್ದ.

ಚಂಪಾ ದಡಬಡಿಸಿ ಕಪಾಟಿನ ಬಾಗಿಲು ಎಳೆದಳು.

"ಮುಚ್ಬೇಡ, ಬಾಗಿಲು ಸುಟ್ಟೀತು," ಎಂದು ಅವನು ಮೆಲ್ಲಗೆ ಅವಳ ಕೈ ಹಿಡಿದ. ಪೊಟ್ಟಣ ಬಿಚ್ಚಿ ಒಂದು ಚೆಂಡನ್ನು ದೀಪದ ಬಳಿ ಇಟ್ಟ. "ಇದು ಯಾವಾಗ್ಲೂ ಇಲ್ಲಿಗೇ ಅಲ್ವಾ?"

"ನಿಂಗೆ... ಗೊತ್ತಿತ್ತಾ?"

"ಎರಡು ಚೆಂಡು ಮುಡಿಯುವಷ್ಟು ಜಡೆ ನಿಂಗೆಲ್ಲಿ ಉಂಟು ಮಾರಾಯ್ತಿ?"

ನಗು ಬಂತು, ಜೊತೆಗೆ ಕಣ್ಣೀರೂ. "ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಇಗರ್ಜಿಯಲ್ಲಿ ಪ್ರತಿ ವಾರ ಪಕ್ಕದಲ್ಲಿ ನಿಂಗೊಂದು ಜಾಗ ಖಾಲಿ ಇಟ್ಟು ಕೂತ್ಕೊಳ್ತೇನೆ ಚಂಪಾ. ಅದನ್ನೂ ನಾನು ಹೇಳಿರ್ಲಿಲ್ಲ."

ಅವಳು ಅವನ ಎದೆಗೆ ಹಣೆ ಆನಿಸಿದಳು. ಬೆಳಿಗ್ಗೆಯ ಹಿಟ್ಟಿನ ಗುರುತು ಅಂಗಿಯ ಮೇಲೆ ಇನ್ನೂ ಇತ್ತು.

ರಟ್ಟಿನ ಮನೆಯನ್ನು ಅವುಚಿಕೊಂಡು ನಿಂತಿದ್ದ ಅಲಿಶಾ ದೀಪ ನೋಡಿದಳು, ಬೋಳು ಗೋಡೆ ನೋಡಿದಳು. ಆ ದೀಪ ಅವಳಿಗೂ ಹೊಸದಾಗಿರಲಿಲ್ಲ; ಬೆಳಿಗ್ಗೆ ನುಂಗಿದ್ದ ಮಾತು ಈಗ ಹೊರಬಂತು.

"ನಮ್ಮನ್ನು ಓಡಿಸುವವರು ಈ ಮನೆಯಲ್ಲಿ ಯಾರೂ ಇಲ್ಲ ಅಲ್ವಾ ಅಮ್ಮಾ? ಮತ್ತೆ ದೇವರು ಯಾಕೆ ಕಪಾಟಿನೊಳಗೆ?"